ಐವತ್ತಮೂರನೇ ವಾರ

ಗೋಡೆಯ ಚೀಟಿಗಳು ಉದುರುತ್ತಿದ್ದವು. ದಿನವೂ ಉದುರುತ್ತಿದ್ದವು. ಬೆಳಿಗ್ಗೆ ಆರೂವರೆಗೆ ಯುರ್ಗಿತಾ ಯೋಜನಾ ಕೋಣೆಯ ಬೀಗ ತೆಗೆದರೆ ಏಳೆಂಟಾದರೂ ನೆಲದ ಮೇಲಿರುತ್ತಿದ್ದವು. ಅವಳು ಮಂಡಿಯೂರಿ ಒಂದೊಂದನ್ನೇ ಆರಿಸಿ ಮೇಜಿನ ಮೇಲಿಡುತ್ತಿದ್ದಳು. ಗುಡಿಸುವುದು, ಒರೆಸುವುದು ಆಮೇಲೆ.

ಕಟ್ಟುತ್ತಿದ್ದದ್ದು ಆಸ್ಪತ್ರೆ. ಫ್ಯೋರ್ಡಿನ, ಎಂದರೆ ನೆಲದೊಳಗೆ ಚಾಚಿದ ಕಡಲಿನ, ದಂಡೆಯ ಹೊಲದಲ್ಲಿ ಮೂರು ಬ್ಲಾಕು, ಒಂದೊಂದೂ ಆರು ಮಹಡಿ. ಅಷ್ಟೂ ಕೆಲಸ ಒಂದು ತಗಡಿನ ಕೋಣೆಯ ಗೋಡೆಗೆ ಅಂಟಿಕೊಂಡಿತ್ತು. ಗೋಡೆಯ ಮೇಲೆ ಎಡದಿಂದ ಬಲಕ್ಕೆ ಐವತ್ತೆರಡು ಪಟ್ಟಿ, ವಾರಕ್ಕೊಂದು. ಈ ದೇಶದಲ್ಲಿ ತಾರೀಕು ಯಾರಿಗೂ ಬೇಡ, ವಾರದ ನಂಬರು ಬೇಕು. ಮದುವೆಗೆ ಕರೆದರೂ ಮೂವತ್ತಮೂರನೇ ವಾರ ಬಾ ಎನ್ನುತ್ತಾರೆ. ಪಟ್ಟಿಯೊಳಗೆ ಬಣ್ಣದ ಚೀಟಿಗಳು. ಹಳದಿ ಎಲೆಕ್ಟ್ರಿಷಿಯನ್ನರದು. ನೀಲಿ ಪ್ಲಂಬರುಗಳದು. ಹಸಿರು ಬಡಗಿಗಳದು, ಕಿತ್ತಳೆ ಪೇಂಟರುಗಳದು. ಒಂದೊಂದು ಚೀಟಿಯ ಮೇಲೂ ಯಾವ ಮಹಡಿ, ಏನು ಕೆಲಸ, ಎಷ್ಟು ದಿನ ಎಂದು ಬರೆದಿರುತ್ತಿತ್ತು. ಪ್ರತಿ ಸೋಮವಾರ ಏಳೂವರೆಗೆ ಎಲ್ಲ ಮೇಸ್ತ್ರಿಗಳೂ ಬಂದು ತಮ್ಮ ತಮ್ಮ ಚೀಟಿಯನ್ನು ತಾವೇ ಅಂಟಿಸುತ್ತಿದ್ದರು. ಯಾರೂ ಯಾರಿಗೂ ಹುಕುಂ ಮಾಡುವಂತಿಲ್ಲ, ಎಲ್ಲರೂ ಸಮಾನರು, ಅದೇ ಈ ಗೋಡೆಯ ಚೆಂದ ಎಂದು ಯೋಜನೆಯ ಮುಖ್ಯಸ್ಥ ಟೋರ್ಕಿಲ್ ಹೊಸಬರಿಗೆ ಹೇಳುತ್ತಿದ್ದ.

ಸ್ವಚ್ಛ ಮಾಡುವ ಹೆಂಗಸರಿಗೆ ಬಣ್ಣವಿರಲಿಲ್ಲ.

ಯುರ್ಗಿತಾಗೆ ನಲವತ್ತಾರು. ಲಿಥುವೇನಿಯಾ ಬಿಟ್ಟು ಹನ್ನೊಂದು ವರ್ಷವಾಗಿತ್ತು. ಚೀಟಿಗಳನ್ನು ಆರಿಸಿ ಆರಿಸಿ ಅವಳಿಗೆ ಗೋಡೆ ಬಾಯಿಪಾಠವಾಗಿತ್ತು. ಮೊದಲು ಅವಳು ಉದುರಿದ್ದನ್ನು ಜಾಗಕ್ಕೆ ತಿರುಗಿ ಅಂಟಿಸುತ್ತಿದ್ದಳು. ಹಿಂದಿನ ವರ್ಷ ಒಮ್ಮೆ ಒಂದು ಹಳದಿ ಚೀಟಿಯನ್ನು ಮೂವತ್ತೊಂಬತ್ತರ ಬದಲು ಮೂವತ್ತೆಂಟರಲ್ಲಿ ಅಂಟಿಸಿಬಿಟ್ಟಳು. ಎಲೆಕ್ಟ್ರಿಷಿಯನ್ನರು ಒಂದು ವಾರ ಮೊದಲೇ ಬಂದು, ಗೋಡೆ ಏಳದ ಮಹಡಿಯಲ್ಲಿ ಕೈಕಟ್ಟಿ ನಿಂತರು. ಅವರ ಮೇಸ್ತ್ರಿ ಫ್ಲೆಮಿಂಗ್ ಎಲ್ಲರೆದುರು ಅವಳ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ತೋರಿಸಿ ಹೇಳಿದ್ದ, "ನಿನ್ ಕೆಲ್ಸ ಅದು. ಗೋಡೆ ಮುಟ್ಬೇಡ."

ಅವಳು ಮುಟ್ಟುವುದನ್ನು ಬಿಟ್ಟಳು. ಆಯ್ದ ಚೀಟಿಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಯಾರೂ ತೆಗೆದು ಅಂಟಿಸಲಿಲ್ಲ. ಎರಡು ವಾರದಲ್ಲಿ ನೀಲಿಯವರು ಬರಬೇಕಾದ ದಿನ ಬರದೆ, ಹಸಿರಿನವರು ಕಾದು, ಎಲ್ಲ ಕಲಸಿಹೋಯಿತು. ಆಗ ಟೋರ್ಕಿಲ್ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು ಮೆಲ್ಲಗೆ ಹೇಳಿದ, "ಅಂಟಿಸ್ಬಿಡು ಯುರ್ಗಿತಾ. ಎಲ್ಲೆಲ್ಲಿ ಅಂತ ನಿಂಗೆ ಗೊತ್ತಲ್ಲ. ಯಾರಿಗೂ ಹೇಳೋಕೆ ಹೋಗ್ಬೇಡ."

ಅಂದಿನಿಂದ ಮತ್ತೆ ಅಂಟಿಸತೊಡಗಿದಳು. ಒಂದೊಂದು ಚೀಟಿಗೂ ಮೂರು ಸಲ ನೋಡುತ್ತಿದ್ದಳು. ಬೀಗ ಹಾಕಿ ಹೊರಗೆ ಹೋದ ಮೇಲೂ ಸಂದೇಹ ಬಂದು ತಿರುಗಿ ಬಂದು ನೋಡುತ್ತಿದ್ದಳು.

ಅವಳೊಂದಿಗೆ ಕೆಲಸ ಮಾಡುತ್ತಿದ್ದವರು ಮೂವರು. ಫಿಲಿಪೀನ್ಸಿನ ಲುಸ್, ಎರಿಟ್ರಿಯಾದ ಸೆನಾಯಿತ್, ರೊಮೇನಿಯಾದ ವಿಯೊರಿಕಾ. ಅವರ ಸ್ವಚ್ಛತಾ ಕಂಪನಿಯ ಮೇಲ್ವಿಚಾರಕ ಬ್ರಿಯಾನ್. ಬೇಸಿಗೆಯಲ್ಲಿ ಎ ಬ್ಲಾಕನ್ನು ಆಸ್ಪತ್ರೆಯವರಿಗೆ ಒಪ್ಪಿಸಿ ಕೀಲಿ ಕೊಡುವ ದಿನ ಬಂತು. ಆ ದಿನದವರೆಗೂ ಬಡಗಿಗಳು ಕೊಯ್ಯುತ್ತಿದ್ದರು, ಎಲೆಕ್ಟ್ರಿಷಿಯನ್ನರು ಕೊರೆಯುತ್ತಿದ್ದರು. ಹೆಂಗಸರು ಅವರ ಹಿಂದೆ ಹಿಂದೆ ಒರೆಸುತ್ತಿದ್ದರು. ಒರೆಸಿದಲ್ಲಿ ಮತ್ತೆ ಧೂಳು ಕೂರುತ್ತಿತ್ತು. ಕಾಂಕ್ರೀಟಿನ ಧೂಳು ಹಿಟ್ಟಿನಂತೆ. ಮೂಗಿನಲ್ಲಿ ಗಾರೆಯಾಗುತ್ತದೆ. ಮಧ್ಯಾಹ್ನ ರೈ ಧಾನ್ಯದ ರೊಟ್ಟಿ ಕಚ್ಚಿದರೆ ಹಲ್ಲಿನ ನಡುವೆ ಕರಕರ ಎನ್ನುತ್ತದೆ. ಆಸ್ಪತ್ರೆಯ ಕಡೆಯ ಪರೀಕ್ಷಕ ಬಂದ. ಅವನ ಬಳಿ ಒಂದು ಅಂಟುಪಟ್ಟಿ. ಕಿಟಕಿಯ ಕಟ್ಟೆಗೆ, ಮಂಚದ ತಲೆಗೆ, ದೀಪದ ಮೇಲೆ ಅದನ್ನು ಒತ್ತಿ ತೆಗೆದು ಯಂತ್ರಕ್ಕೆ ಹಿಡಿದ. ಮೂರು ಮಹಡಿ ನಪಾಸು.

ಯಾರದಾದರೂ ಒಂದು ಹೆಸರು ಬೇಕಿತ್ತು. ಬ್ರಿಯಾನ್ ವಿಯೊರಿಕಾಳ ಹೆಸರು ಕೊಟ್ಟ. ಅವಳು ಶುಕ್ರವಾರ ಹೆಲ್ಮೆಟ್ಟು, ಬೂಟು ವಾಪಸು ಕೊಟ್ಟು ಹೋದಳು. ಹೋಗುವಾಗ ಯುರ್ಗಿತಾಳ ಮುಖ ನೋಡಿದಳು. ನಾಲ್ವರಲ್ಲಿ ಇಲ್ಲಿನ ಭಾಷೆ ಡ್ಯಾನಿಶ್ ಚೆನ್ನಾಗಿ ಬರುತ್ತಿದ್ದದ್ದು ಯುರ್ಗಿತಾಗೆ ಒಬ್ಬಳಿಗೇ. ಯುರ್ಗಿತಾ ಬಕೆಟ್ಟು ತೊಳೆಯುತ್ತಿದ್ದಳು. ತೊಳೆದ ಬಕೆಟ್ಟನ್ನೇ ಇನ್ನೊಮ್ಮೆ ತೊಳೆದಳು.

ಅದಾದ ಮೇಲೆ ಅವಳು ಸಂಜೆಯ ತರಗತಿಗೆ ಸೇರಿದಳು. ತಾಂತ್ರಿಕ ಶಾಲೆಯಲ್ಲಿ ಮಂಗಳವಾರ, ಗುರುವಾರ ಆರರಿಂದ ಒಂಬತ್ತು. ವಿಷಯ: ಕಟ್ಟಡ ಕೆಲಸದ ಯೋಜನೆ. ಉಳಿದವರೆಲ್ಲ ಮೇಸ್ತ್ರಿಯಾಗಲು ಹೊರಟ ಗಂಡಸರು. ಕೆಲಸದ ಬೆವರಿನಲ್ಲೇ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿ ಹತ್ತು ಸಲ ಜೋಡಿಸಿ, ಕೇಳುವ ಹೊತ್ತಿಗೆ ವಿಷಯ ಮುಂದೆ ಹೋಗಿರುತ್ತಿತ್ತು. ಪಾಠ ಹೇಳುವ ಮುದುಕ ಹಿಂದೆ ಬಡಗಿಯಾಗಿದ್ದವನು. ಒಂದು ದಿನ ಅವಳು ಕೊನೆಗೂ ಕೇಳಿದಳು. ಚೀಟಿ ಇಲ್ಲದ ಕೆಲಸ ಏನಾಗುತ್ತದೆ?

"ಆಗುತ್ತೆ," ಅಂದ ಮುದುಕ. "ಚೀಟಿ ಇಲ್ದಿದ್ರೆ ಕೆಲ್ಸ ನಿಲ್ಲೋದಿಲ್ಲಮ್ಮ. ಯಾರದೋ ಬೆನ್ನಿನ ಮೇಲೆ ಆಗುತ್ತೆ."

ಅವಳು ಅದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡಳು.

ಬಿ ಬ್ಲಾಕಿನ ಕೀಲಿ ಕೊಡುವುದು ಹೊಸ ವರ್ಷದ ಒಂದನೇ ವಾರ, ಸೋಮವಾರ. ಗೋಡೆಯ ಮೇಲೆ ಐವತ್ತೆರಡನೇ ಪಟ್ಟಿ ಮುಗಿದಲ್ಲಿ ಕೋಣೆಯ ಬಾಗಿಲಿತ್ತು. ಬಾಗಿಲಿನ ಆಚೆ ಬದಿಯ ಗೋಡೆಯಲ್ಲಿ ಮುಂದಿನ ವರ್ಷದ ಒಂದು, ಎರಡು, ಮೂರು. ಒಂದರ ಕೆಳಗೆ ದೊಡ್ಡ ಕೆಂಪು ಚೌಕ. ಅಕ್ಟೋಬರಿನ ಒಂದು ಬೆಳಿಗ್ಗೆ ಅವಳು ಬಾಗಿಲಿನ ಚೌಕಟ್ಟು ಒರೆಸುತ್ತ ಗೋಡೆಯ ಕ್ಯಾಲೆಂಡರ್ ನೋಡಿದಳು. ತಾನು ತಪ್ಪಿರಬಹುದು ಎಂದುಕೊಂಡಳು. ಬೆರಳಿಟ್ಟು ಎಣಿಸಿದಳು. ಮತ್ತೆ ಎಣಿಸಿದಳು. ಈ ವರ್ಷಕ್ಕೆ ಐವತ್ತಮೂರು ವಾರ. ಐದಾರು ವರ್ಷಕ್ಕೊಮ್ಮೆ ಹಾಗೆ ಬರುತ್ತದೆ. ಗೋಡೆಯ ಪಟ್ಟಿಯನ್ನು ಹಳೆಯ ವರ್ಷದ ಅಳತೆಯಲ್ಲೇ ಎಳೆದಿದ್ದರು. ಒಂದು ಪೂರ್ತಿ ವಾರಕ್ಕೆ ಗೋಡೆಯಲ್ಲಿ ಜಾಗವಿರಲಿಲ್ಲ. ಅದು ಬಾಗಿಲಿಗೆ ಬಿದ್ದಿತ್ತು.

ಆ ವಾರ ನಮಗೆ ಸಿಗಬಹುದು ಎಂದು ಅವಳಿಗೆ ಅನ್ನಿಸಿತು.

ತರಗತಿಯಲ್ಲಿ ಕಲಿಸಿದಂತೆ ಲೆಕ್ಕ ಹಾಕಿದಳು. ಆರು ಮಹಡಿ. ಒಂದು ಮಹಡಿಗೆ ಮೂರು ಹೆಂಗಸರಿಗೆ ಒಂದೂವರೆ ದಿನ. ಮೊದಲು ಚಾವಣಿ, ಆಮೇಲೆ ಗೋಡೆ, ಕಿಟಕಿ, ಕೊನೆಗೆ ನೆಲ. ಬೇರೆ ಯಾರೂ ಒಳಗೆ ಇರಬಾರದು. ಒಂಬತ್ತು ದಿನ ಬಂತು. ಒಂಬತ್ತನ್ನು ನೋಡಿ ಅವಳಿಗೆ ನಾಚಿಕೆಯಾಯಿತು. ಅಷ್ಟೊಂದು ಕೇಳಿದರೆ ಸೋಮಾರಿಗಳು ಎನ್ನುತ್ತಾರೆ. ಏಳು ಮಾಡಿದಳು. ಏಳೂ ಹೆಚ್ಚೆನಿಸಿ ಐದಕ್ಕೆ ಇಳಿಸಿದಳು. ಬಣ್ಣದ ಚೀಟಿಗಳೆಲ್ಲ ಒಬ್ಬೊಬ್ಬರಿಗೆ ಹಂಚಿಹೋಗಿದ್ದವು. ಕೈಗವಸಿನ ಡಬ್ಬದ ರಟ್ಟನ್ನು ಕತ್ತರಿಸಿದಳು. ಅದರ ಒಳಮೈ ಬೂದು. ಐದು ಬೂದು ಚೀಟಿ. ಕಾಗುಣಿತ ತಪ್ಪದಂತೆ ನಿಘಂಟು ನೋಡಿ ಬರೆದಳು: ಬಿ ಬ್ಲಾಕು, ಕೊನೆಯ ಸ್ವಚ್ಛತೆ.

ಮುಂದಿನ ಸೋಮವಾರದ ಸಭೆಗೆ ಒಳಗೆ ಹೋದಳು. ಮೇಜಿನ ಮೇಲೆ ಬನ್ನು, ಚೀಸು, ಬೆಣ್ಣೆ. ಆ ವಾರ ಬನ್ನು ತರುವ ಸರದಿ ಫ್ಲೆಮಿಂಗನದು. ಎಲ್ಲರೂ ಬಾಯಿತುಂಬ ಅಗಿಯುತ್ತ ಅವಳತ್ತ ತಿರುಗಿದರು. ಕಸದ ಬುಟ್ಟಿ ಒಯ್ಯಲು ಬಂದಿದ್ದಾಳೆಂದು ಯಾರೋ ಬುಟ್ಟಿಯನ್ನು ಕಾಲಿನಿಂದ ಅವಳತ್ತ ಸರಿಸಿದರು.

ಅವಳು ಮಾತನಾಡಿದಳು. ರೂಢಿ ಮಾಡಿಕೊಂಡು ಬಂದಿದ್ದ ಮಾತು ಅರ್ಧಕ್ಕೆ ಕಲಸಿಹೋಯಿತು. ಆದರೂ ಹೇಳಿದಳು. ಎ ಬ್ಲಾಕಿನಲ್ಲಿ ಹೀಗಾಯಿತು, ತಮಗೆ ದಿನವೇ ಇರಲಿಲ್ಲ, ಈ ಸಲ ಐವತ್ತಮೂರನೇ ವಾರದಲ್ಲಿ ಐದು ದಿನ ಬೇಕು.

"ಐವತ್ತಮೂರಾ?" ಅಂದ ಫ್ಲೆಮಿಂಗ್. "ಅದ್ಯಾವ ದೇಶದ ವಾರ, ನಿಮ್ಮದಾ?"

ನಕ್ಕರು. ಟೋರ್ಕಿಲ್ ಮೊಬೈಲು ತೆಗೆದು ನೋಡಿ ಹುಬ್ಬೇರಿಸಿದ. ಹೌದಲ್ಲ, ಇದೆ ಅಂದ. ತುಂಬಾ ಒಳ್ಳೆಯ ಮಾತು ಹೇಳಿದೆ ಯುರ್ಗಿತಾ, ಇಂಥ ಮಾತುಗಳೇ ನಮಗೆ ಬೇಕು ಅಂದ. ಅದು ಕ್ರಿಸ್‌ಮಸ್ಸಿಗೂ ಹೊಸ ವರ್ಷಕ್ಕೂ ನಡುವಿನ ವಾರ, ಕೆಲಸದ ಜಾಗಕ್ಕೇ ರಜೆ, ಒಂದು ನರಪಿಳ್ಳೆಯೂ ಇರುವುದಿಲ್ಲ, ಇಡೀ ಕಟ್ಟಡ ನಿಮ್ಮದೇ ಅಂದ. ಎದ್ದು ಅವಳ ಕೈಯಿಂದ ಐದೂ ಚೀಟಿ ತೆಗೆದುಕೊಂಡು, ಜಾಗ ಹುಡುಕಿ, ಬಾಗಿಲಿನ ಮೇಲೆ ಟೇಪು ಹಚ್ಚಿ ಅಂಟಿಸಿದ.

"ಬೂದಿ ಬಣ್ಣ," ಅಂದ ಫ್ಲೆಮಿಂಗ್, ಜಾಕೆಟ್ಟು ಹಾಕಿಕೊಳ್ಳುತ್ತ. "ಧೂಳಿಗೆ ಹೊಂದುತ್ತೆ ಬಿಡು."

ಅವನು ಬಾಗಿಲು ತಳ್ಳಿ ಹೊರಗೆ ಹೋದ. ಬಾಗಿಲಿನೊಂದಿಗೆ ಐವತ್ತಮೂರನೇ ವಾರವೂ ಹೊರಗೆ ಹೋಗಿ, ಗೋಡೆಗೆ ಬಡಿದು, ವಾಪಸು ಬಂತು. ಎಲ್ಲರೂ ಇನ್ನೊಮ್ಮೆ ನಕ್ಕರು. ಯುರ್ಗಿತಾಳೂ ನಕ್ಕಳು. ನಕ್ಕದ್ದಕ್ಕೆ ಆಮೇಲೆ ಆ ದಿನವೆಲ್ಲ ತನ್ನನ್ನೇ ಬೈದುಕೊಂಡಳು.

ಅಂದು ಸಂಜೆಯೇ ಬ್ರಿಯಾನ್ ಫೋನು ಮಾಡಿ, ಇನ್ನು ಮೇಲೆ ಏನಿದ್ದರೂ ತನ್ನ ಮೂಲಕ ಹೇಳಬೇಕು, ಗಿರಾಕಿಗಳ ಸಭೆಗೆ ನುಗ್ಗಬಾರದು ಎಂದ. ಈ ಸಲ ಮಹಡಿ ನಪಾಸಾದರೆ ಮತ್ತೊಬ್ಬರು ಹೋಗಬೇಕಾಗುತ್ತದೆ, ಯಾರು ಎಂದು ನಿಮಗೇ ಗೊತ್ತು ಎಂದ. ಗೊತ್ತಿತ್ತು. ಲುಸ್ ಕೆಮ್ಮುತ್ತಿದ್ದಳು. ಆಗಸ್ಟಿನಿಂದ ಕೆಮ್ಮುತ್ತಿದ್ದಳು. ಕೆಮ್ಮುವವಳು ನಿಧಾನ ಎಂದು ಬ್ರಿಯಾನ್ ಬರೆದಿಟ್ಟುಕೊಂಡಿದ್ದ. ಲುಸ್‌ಗೆ ಈ ದೇಶದಲ್ಲಿ ಕಾಯಂ ಇರಲು ಕಾಗದ ಸಿಗಬೇಕಾದರೆ ಕೆಲಸ ನಡುವೆ ತಪ್ಪಬಾರದು. ಇನ್ನು ಐದು ತಿಂಗಳಿತ್ತು.

ನವೆಂಬರಿನ ಕೊನೆಗೆ ಟೋರ್ಕಿಲ್ ಗೋಡೆಯ ಮೇಲಿದ್ದ ಬಿ ಬ್ಲಾಕಿನ ಯೋಜನೆಯನ್ನೆಲ್ಲ ಕಂಪ್ಯೂಟರಿಗೆ ಹಾಕಿ, ದೊಡ್ಡ ಹಾಳೆಯಲ್ಲಿ ಮುದ್ರಿಸಿ ಎಲ್ಲ ಮಹಡಿಗೂ ತೂಗುಹಾಕಿಸಿದ. ಯುರ್ಗಿತಾ ನಾಲ್ಕನೇ ಮಹಡಿಯಲ್ಲಿ ಹಾಳೆಯೆದುರು ನಿಂತು ತಮ್ಮ ಸಾಲು ಹುಡುಕಿದಳು. ಕೊನೆಯಲ್ಲಿತ್ತು. ಬಿ ಬ್ಲಾಕು, ಕೊನೆಯ ಸ್ವಚ್ಛತೆ. ಅವಳಿಗೆ ಎದೆ ತುಂಬಿ ಬಂತು. ಆಮೇಲೆ ಪಕ್ಕದ ಅಂಕಿ ನೋಡಿದಳು. ದಿನ: 0.

ಅವಳು ಕೋಣೆಗೆ ಹೋಗಿ ಕೇಳಿದಳು. ಟೋರ್ಕಿಲ್ ತಾಳ್ಮೆಯಿಂದ ವಿವರಿಸಿದ. ಕಂಪ್ಯೂಟರಿನ ಕ್ಯಾಲೆಂಡರಿನಲ್ಲಿ ಆ ವಾರ ರಜೆ. ರಜೆಯಲ್ಲಿ ಇಟ್ಟ ಕೆಲಸಕ್ಕೆ ಅದು ಸೊನ್ನೆ ದಿನ ಎಂದು ತೋರಿಸುತ್ತದೆ. ಅದು ಬರೀ ಕಾಗದದ ಮೇಲೆ, ತಲೆಗೆ ಹಚ್ಚಿಕೊಳ್ಳಬೇಡ.

"ತಿದ್ದೋಕಾಗಲ್ವಾ?"

"ಆಗುತ್ತೆ. ಆದ್ರೆ ಆಗ ಇಡೀ ಜಾಗನೇ ತೆರೆದಿರ್ಬೇಕು ಅಂತಾಗುತ್ತೆ. ಬಿಸಿ, ಲಿಫ್ಟು, ಕಾವಲು ಎಲ್ಲ. ನಿಮ್ಮ ಮೂರು ಜನಕ್ಕೆ ಅಷ್ಟೆಲ್ಲ ಯಾರು ಮಾಡ್ತಾರೆ ಹೇಳು." ಅವನು ನಿಜವಾಗಿಯೂ ಅವಳಿಂದಲೇ ಉತ್ತರ ಬೇಕೆನ್ನುವಂತೆ ನೋಡಿದ.

ಐವತ್ತಮೂರನೇ ವಾರದ ಸೋಮವಾರ ಮೂವರೂ ಬಂದರು. ಗೇಟಿನಲ್ಲಿ ಯಾರೂ ಇಲ್ಲ. ಯುರ್ಗಿತಾಳ ಬಳಿಯಿದ್ದ ಕೀಲಿಯಿಂದ ಒಳಗೆ ಹೋದರು. ಒಳಗೂ ಹೊರಗೂ ಒಂದೇ ಚಳಿ. ಲಿಫ್ಟು ಬಂದ್. ಮೇಲಿನ ಮಹಡಿಗಳ ನಲ್ಲಿಗೆ ನೀರು ಬಿಟ್ಟಿರಲಿಲ್ಲ, ಕೊಳವೆ ಹೆಪ್ಪುಗಟ್ಟುತ್ತದೆಂದು. ನೆಲಮಹಡಿಯಲ್ಲಿ ಒಂದೇ ಒಂದು ನಲ್ಲಿ. ಆರನೇ ಮಹಡಿಗೆ ನೂರಿಪ್ಪತ್ತು ಮೆಟ್ಟಿಲು. ಒಂದು ಕೈಗೆ ಹತ್ತು ಲೀಟರಿನ ಬಕೆಟ್ಟು, ಇನ್ನೊಂದಕ್ಕೆ ಹತ್ತು ಲೀಟರಿನ ಬಕೆಟ್ಟು. ಎರಡು ಕೋಣೆ ಒರೆಸಿದರೆ ನೀರು ಕೆಸರು. ಮತ್ತೆ ಇಳಿಯಬೇಕು, ಮತ್ತೆ ಹತ್ತಬೇಕು. ಹಿಡಿ ಕೈಯನ್ನು ಕೊಯ್ಯುತ್ತಿತ್ತು. ನೀರು ಚೆಲ್ಲಿ ಪ್ಯಾಂಟು ಒದ್ದೆಯಾಗಿ ತೊಡೆಗೆ ಅಂಟಿ ಮರಗಟ್ಟುತ್ತಿತ್ತು. ಲುಸ್ ನಾಲ್ಕನೇ ಮಹಡಿಗೆ ಬಂದಾಗಲೆಲ್ಲ ಬಕೆಟ್ಟು ಇಳಿಸಿ, ಗೋಡೆಗೆ ಹಣೆಯಾನಿಸಿ ಕೆಮ್ಮುತ್ತಿದ್ದಳು. ಕೆಮ್ಮಿ ಕರವಸ್ತ್ರ ನೋಡಿ ಮಡಿಸಿ ಇಟ್ಟುಕೊಳ್ಳುತ್ತಿದ್ದಳು.

"ಎಲ್ರಿಗೂ ಕ್ರಿಸ್‌ಮಸ್ ಮುಗೀತು," ಅಂದಳು ಸೆನಾಯಿತ್, ಮೆಟ್ಟಿಲ ಮೇಲೆ ಕೂತು ಬೆರಳಿಗೆ ಉಸಿರೂದುತ್ತ. "ನಮ್ ಚರ್ಚಿಂದು ಜನವರಿ ಏಳನೇ ತಾರೀಕು. ಅಷ್ಟರೊಳಗೆ ಸಾಯೋ ಹಾಗಿಲ್ಲ. ಕೋಳಿ ತಂದಿಟ್ಟಿದೀನಿ."

ಸೋಮವಾರ ಆರನೇ ಮಹಡಿ. ಮಂಗಳವಾರ ಐದನೇ ಮಹಡಿ. ಒಂದೂವರೆ ದಿನದ ಕೆಲಸ ಒಂದೊಂದು ದಿನದಲ್ಲಿ ಮುಗಿಸಿದರು. ಮಂಗಳವಾರ ಸಂಜೆ ಯುರ್ಗಿತಾ ಆರನೆಯದರ ಒಂದು ಕಿಟಕಿಯ ಕಟ್ಟೆಗೆ ಟೇಪಿನ ತುಂಡು ಒತ್ತಿ ತೆಗೆದು ಬೆಳಕಿಗೆ ಹಿಡಿದಳು. ಟೇಪು ತಿಳಿಯಾಗಿತ್ತು. ಇನ್ನೊಂದು ಕಡೆ ಒತ್ತಿದಳು. ಅಲ್ಲೂ ತಿಳಿ. ಅವಳಿಗೆ ನಂಬಿಕೆ ಬಂತು.

ಬುಧವಾರ ಬೆಳಿಗ್ಗೆ ನಾಲ್ಕನೇ ಮಹಡಿಗೆ ಬಕೆಟ್ಟು ಹೊತ್ತು ಹತ್ತುತ್ತಿದ್ದಾಗ ಪಕ್ಕದ ಗೋಡೆಯೊಳಗೆ ಗುಂಯ್ ಎಂದಿತು. ಲಿಫ್ಟು ಓಡುತ್ತಿತ್ತು.

ಮೂವರೂ ನಿಂತರು. ಲಿಫ್ಟು ಅವರನ್ನು ದಾಟಿ ಮೇಲೆ ಹೋಯಿತು. ಸ್ವಲ್ಪ ಹೊತ್ತಿಗೆ ಆರನೆಯದರಲ್ಲಿ ಡ್ರಿಲ್ಲು ಕೂಗತೊಡಗಿತು.

ಯುರ್ಗಿತಾ ಬಕೆಟ್ಟು ಅಲ್ಲೇ ಇಟ್ಟು ಓಡಿದಳು. ಫ್ಲೆಮಿಂಗನ ಇಬ್ಬರು ಆಳುಗಳು ಏಣಿ ಹಾಕಿ ಚಾವಣಿಗೆ ತೂತು ಕೊರೆಯುತ್ತಿದ್ದರು. ಪಕ್ಕದಲ್ಲಿ ಒಂದು ಹೀಟರು ಕೆಂಪಗೆ ಉರಿಯುತ್ತಿತ್ತು. ಬಿಳಿ ಧೂಳು ಹೊಗೆಯಂತೆ ಇಳಿದು ಮಂಚಗಳ ಮೇಲೆ, ಕಟ್ಟೆಗಳ ಮೇಲೆ, ಒರೆಸಿ ಹೊಳೆಯುತ್ತಿದ್ದ ನೆಲದ ಮೇಲೆ ಕೂರುತ್ತಿತ್ತು. ಬೂಟಿನ ಗುರುತುಗಳು ಬಾಗಿಲಿಂದ ಕಿಟಕಿಯವರೆಗೆ. ಹೊಗೆ ಬಂದರೆ ಕೂಗುವ ಗಂಟೆಯ ತಂತಿ ಹಾಕುವುದು ಉಳಿದುಹೋಗಿತ್ತು, ಆರೂ ಮಹಡಿಗೂ ಹಾಕಬೇಕು ಎಂದರು ಅವರು. ಕೆಟ್ಟ ಹುಡುಗರಲ್ಲ. ಅಯ್ಯೋ ಒರೆಸಿದ್ರಾ ಎಂದೂ ಕೇಳಿದರು.

ಅವಳು ಟೋರ್ಕಿಲ್‌ಗೆ ಫೋನು ಮಾಡಿದಳು. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಹೌದು, ಫ್ಲೆಮಿಂಗ್ ಕೇಳಿಕೊಂಡ, ಎರಡು ದಿನ ಕೊಟ್ಟಿದ್ದೇನೆ ಅಂದ. ಅವರಿಗೋಸ್ಕರ ಲಿಫ್ಟು ಆನ್ ಮಾಡಿಸಿದೆ ಅಂದ. ಅವರನ್ನು ನಿಲ್ಲಿಸಿ ಎಂದು ಅವಳು ಕೇಳಿದಳು. ಅವನು ಬೇರೆ ಕೋಣೆಗೆ ಹೋದನೇನೋ, ಮಕ್ಕಳ ಗಲಾಟೆ ದೂರವಾಯಿತು.

"ನೋಡು ಯುರ್ಗಿತಾ, ಅವರಿಗೆ ಯೋಜನೇಲಿ ಎರಡು ದಿನ ಇದೆ. ನಿಮಗೆ ಸೊನ್ನೆ. ಕಾಗದದ ಪ್ರಕಾರ ನೀವು ಅಲ್ಲಿ ಇಲ್ಲವೇ ಇಲ್ಲ. ಇಲ್ದೇ ಇರೋರಿಗೋಸ್ಕರ ಇರೋರನ್ನ ಹೆಂಗೆ ನಿಲ್ಲಿಸಲಿ?"

ಮಧ್ಯಾಹ್ನಕ್ಕೆ ಬ್ರಿಯಾನ್ ಬಂದ. ಲಿಫ್ಟಿನಲ್ಲೇ ಆರಕ್ಕೆ ಹೋಗಿ, ನಾಲ್ಕಕ್ಕೆ ಇಳಿದು ಬಂದ. ಅವನ ಕೈಯಲ್ಲಿ ನಾಲ್ಕನೇ ಮಹಡಿಯ ಕಾಗದವಿತ್ತು. ಪ್ರತಿ ಮಹಡಿಗೂ ಅಂಥದೊಂದು. ಯೋಜಿಸಿದ ದಿನ, ಕೆಲಸ ಮಾಡಿದ ದಿನ, ಸಹಿ. ಕೀಲಿಯ ಜೊತೆ ಆಸ್ಪತ್ರೆಯವರ ಕೈಗೆ ಹೋಗುವ ಕಾಗದ. ಆರು, ಐದು ಎರಡೂ ಮತ್ತೆ ಒರೆಸಬೇಕು, ನಾಲ್ಕು ಮೂರು ಎರಡು ಒಂದು ಬಾಕಿ ಇದೆ, ನಾಳೆ ಸಂಜೆಯೊಳಗೆ ಎಲ್ಲ ಆಗಬೇಕು, ಬೇಕಾದರೆ ಒಂದನೇ ತಾರೀಕೂ ಬನ್ನಿ ಎಂದ. ಎಲೆಕ್ಟ್ರಿಷಿಯನ್ನರು ನಾಳೆಯೂ ಕೊರೆಯುತ್ತಾರಲ್ಲ ಎಂದು ಯುರ್ಗಿತಾ ಹೇಳಿದಳು. ಅವರ ಹಿಂದೆ ಹಿಂದೆ ಒರೆಸಿ ಎಂದ.

ಲುಸ್ ಕೆಮ್ಮಿದಳು. ಬ್ರಿಯಾನ್ ಅವಳನ್ನು ನೋಡಿದ. "ಸೋಮವಾರ ನಪಾಸಾದ್ರೆ ನಂಗೊಂದು ಹೆಸರು ಬೇಕು ಅಷ್ಟೆ," ಅಂದ.

ಯುರ್ಗಿತಾಳ ಬಾಯಿ ಕಟ್ಟಿತು. ಯಾವಾಗಲೂ ಹೀಗೇ ಕಟ್ಟುತ್ತಿತ್ತು. ತಾನು ಬಾಯಿ ಬಿಟ್ಟರೆ ಲುಸ್‌ಗೆ ಹೊಡೆತ. ಲುಸ್‌ಳ ಕಾಗದ, ಅದಕ್ಕೆ ಉಳಿದಿದ್ದ ಮೂರು ತಿಂಗಳು. ಅವಳು ಬಗ್ಗಿ ಮಾಪು ತೆಗೆದುಕೊಂಡಳು. ಆಗ ಲುಸ್ ಅವಳ ಕೈ ಹಿಡಿದಳು. ಕೈಗವಸು ಒದ್ದೆಯಾಗಿ ತಣ್ಣಗಿತ್ತು.

"ಅಕ್ಕಾ," ಅಂದಳು. ಒಡೆದ ಡ್ಯಾನಿಶಿನಲ್ಲಿ, ಬ್ರಿಯಾನ್‌ಗೂ ಕೇಳಲೆಂದು. "ನನ್ನ ಹೆಸರು ಮುಂದಿಟ್ಕೊಂಡು ನೀನು ಸುಮ್ನಿರ್ಬೇಡ. ವಿಯೊರಿಕಾ ಹೋದಾಗ್ಲೂ ಸುಮ್ನಿದ್ದೆ. ನೀನು ಸುಮ್ನಿದ್ರೂ ನಾನು ಹೋಗ್ತೀನಿ."

ಯುರ್ಗಿತಾ ಮಾಪು ಕೆಳಗಿಟ್ಟಳು.

"ಬ್ರಿಯಾನ್, ಮೇಲೆ ಕೊರೀತಿರೋರಿಗೆ ಎಷ್ಟು ದಿನ?"

"ಎರಡು. ಅದಕ್ಕೂ ನಿನಗೂ ಏನು?"

"ನಮಗೆಷ್ಟು?"

"ಅದು ಕಂಪ್ಯೂಟರ್ ಹಂಗೆ ತೋರ್ಸುತ್ತೆ ಅಷ್ಟೆ. ಗೊತ್ತಲ್ಲ ನಿಂಗೆ."

"ಎಷ್ಟು ಅಂತ ಹೇಳು."

ಬ್ರಿಯಾನ್ ಗೋಡೆಯ ಹಾಳೆ ನೋಡಲಿಲ್ಲ. "ಸೊನ್ನೆ," ಅಂದ.

"ಸೊನ್ನೆ ಮುಗೀತು," ಅಂದಳು ಯುರ್ಗಿತಾ. "ಸೋಮವಾರಾನೇ ಮುಗೀತು. ಎರಡು ದಿನ ಹೆಚ್ಚಿಗೆ ಮಾಡಿದೀವಿ."

ಅವಳು ಕೈ ಚಾಚಿ ಕಾಗದ ತೆಗೆದುಕೊಂಡಳು. ಗೋಡೆಗೆ ಹಿಡಿದು ಇಡೀ ಬ್ಲಾಕಿನ ಲೆಕ್ಕ ಬರೆದಳು. ಯೋಜಿಸಿದ ದಿನ: 0. ಕೆಲಸ ಮಾಡಿದ ದಿನ: 2. ಪೆನ್ನಿನಿಂದ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದಳು. ಅಂಥ ಜಾಗ ಆ ಕಾಗದದಲ್ಲಿ ಇಲ್ಲ ಎಂದ ಬ್ರಿಯಾನ್. ಅವಳು ಬರೆದಳು. ಬೇಕಾದ ದಿನ. ಇಲ್ಲಿ ಅವಳ ಕೈ ನಿಂತಿತು. ಐದು ಎಂದು ಬರೆಯಲು ಹೋದ ಕೈ. ಒಂದು ಮಹಡಿಗೆ ಒಂದೂವರೆ, ಆರು ಮಹಡಿ. ಇನ್ನೊಮ್ಮೆ ಮನಸ್ಸಿನಲ್ಲಿ ಗುಣಿಸಿದಳು. 9 ಎಂದು ಬರೆದಳು. ಪೂರ್ತಿ ಹೆಸರು ಬರೆದು ಸಹಿ ಮಾಡಿದಳು. ಸೆನಾಯಿತ್ ಅವಳ ಕೆಳಗೆ ಮಾಡಿದಳು. ಲುಸ್ ಅದರ ಕೆಳಗೆ ಮಾಡಿದಳು.

"ನಿಂಗೆ ಹೆಸರು ಬೇಕಿತ್ತಲ್ಲ," ಅಂದಳು ಸೆನಾಯಿತ್. "ಮೂರಿದೆ ತಗೋ."

ಬಕೆಟ್ಟಿನ ನೀರನ್ನು ಅಲ್ಲೇ ಬಿಟ್ಟರು. ಕೆಳಗೆ ಇಳಿಯಲು ಲಿಫ್ಟಿನಲ್ಲಿ ಹೋದರು. ಆ ಕಟ್ಟಡದ ಲಿಫ್ಟಿನಲ್ಲಿ ಅವರು ಕಾಲಿಟ್ಟದ್ದು ಅದೇ ಮೊದಲು.

ಉಳಿದ ದಿನಗಳನ್ನು ಯುರ್ಗಿತಾ ಹೇಗೆ ಕಳೆದಳೋ ಅವಳಿಗೇ ಗೊತ್ತು. ತಪ್ಪು ಮಾಡಿದೆನೇ ಎಂದು ಗಳಿಗೆಗೊಮ್ಮೆ ಅನ್ನಿಸಿತು. ಹಾಳೆ ತೆಗೆದು ಒಂಬತ್ತನ್ನು ಮತ್ತೆ ಮತ್ತೆ ಲೆಕ್ಕ ಮಾಡಿದಳು. ಮತ್ತೆ ಮತ್ತೆ ಒಂಬತ್ತೇ ಬಂತು. ಶನಿವಾರ ಬ್ರಿಯಾನ್ ಸಂದೇಶ ಕಳಿಸಿದ. ಮೂವರೂ ಸೋಮವಾರ ಬರುವುದು ಬೇಡ, ಕೀಲಿ ವಾಪಸು ಕೊಡಿ.

ಸೋಮವಾರ ಆರೂವರೆಗೆ ಅವಳು ಕೀಲಿ ಕೊಡಲು ಹೋದಳು. ಲುಸ್ ಮತ್ತು ಸೆನಾಯಿತ್ ಜೊತೆಗೆ ಬಂದರು. ಯೋಜನಾ ಕೋಣೆಯಲ್ಲಿ ಆಗಲೇ ದೀಪ ಉರಿಯುತ್ತಿತ್ತು. ಬಾಗಿಲು ಎಳೆದರೆ ಅದು ಪೂರ್ತಿ ತೆರೆಯಲಿಲ್ಲ, ಕೆಳಗೆ ಏನೋ ಸಿಕ್ಕಿಕೊಂಡಿತ್ತು.

ಚೀಟಿಗಳು. ರಜೆಯಲ್ಲಿ ಆ ಕೋಣೆಯ ಬಿಸಿಯನ್ನೂ ಆರಿಸಿದ್ದರು. ಚಳಿಗೆ ಅಂಟೆಲ್ಲ ಸತ್ತುಹೋಗಿತ್ತು. ವಾರದ ಗೆರೆಗಳು ಬಿಟ್ಟರೆ ಗೋಡೆ ಬೋಳಾಗಿತ್ತು. ರಜೆಗೆ ಮೊದಲು ಅಂಟಿಸಿ, ಇನ್ನೂ ಕಂಪ್ಯೂಟರಿಗೆ ಏರಿಸದಿದ್ದ ಸಿ ಬ್ಲಾಕಿನ ಇಡೀ ಹೊಸ ವರ್ಷ ನೆಲದ ಮೇಲೆ ಬಿದ್ದಿತ್ತು. ಹಳದಿ, ನೀಲಿ, ಹಸಿರು, ಕಿತ್ತಳೆ, ಪಾದ ಮುಚ್ಚುವಷ್ಟು. ನಡುವೆ ಟೋರ್ಕಿಲ್ ಎರಡು ಮುಷ್ಟಿ ಚೀಟಿ ಹಿಡಿದು ನಿಂತಿದ್ದ. ಫ್ಲೆಮಿಂಗ್ ಬನ್ನಿನ ಚೀಲ ಹಿಡಿದುಕೊಂಡು ನೆಲ ನೋಡುತ್ತಿದ್ದ. ಮೇಜಿನ ಮೇಲೆ ನಾಲ್ಕನೇ ಮಹಡಿಯ ಕಾಗದವಿತ್ತು.

"ಸದ್ಯ ಬಂದೆ," ಅಂದ ಟೋರ್ಕಿಲ್.

ಆಸ್ಪತ್ರೆಯವರು ಆ ಕಾಗದ ನೋಡಿಬಿಟ್ಟಿದ್ದಾರೆ, ಮಹಡಿಗಳು ಸ್ವಚ್ಛವಾಗದೆ ಕೀಲಿ ಮುಟ್ಟುವುದಿಲ್ಲ ಎಂದಿದ್ದಾರೆ ಎಂದು ಅವನು ಹೇಳಿದ. ಬ್ರಿಯಾನ್ ಬೇರೆ ಹೆಂಗಸರನ್ನು ಕಳಿಸುತ್ತಾನಂತೆ, ಎರಡೇ ದಿನ ಸಾಕು ಎಂದಿದ್ದಾನಂತೆ. ಆ ಮಾತು ಆಮೇಲೆ ನೋಡಿಕೊಳ್ಳೋಣ, ಏಳೂವರೆಗೆ ಸಭೆ ಇದೆ, ಮೊದಲು ಇವನ್ನು ಅಂಟಿಸಿಕೊಡು ಎಂದ. ಅವನ ದನಿಯಲ್ಲಿ ಎಂದಿನ ಸ್ನೇಹವಿತ್ತು. "ಎಲ್ಲೆಲ್ಲಿ ಅಂತ ನಿಂಗೊಬ್ಬಳಿಗೇ ಗೊತ್ತು."

"ಗೊತ್ತು," ಅಂದಳು ಯುರ್ಗಿತಾ.

ಅವಳು ಚೀಟಿಗಳನ್ನು ತುಳಿಯದೆ, ಕಾಲಿನಿಂದ ಸರಿಸಿಕೊಂಡು ಗೋಡೆಯ ಬಳಿ ಹೋದಳು. ಕೋಟಿನ ಜೇಬಿನಿಂದ, ಹೊಸದಾಗಿ ಕತ್ತರಿಸಿ ತಂದ ಬೂದು ರಟ್ಟಿನ ಚೀಟಿಗಳನ್ನು ತೆಗೆದಳು. ಕಂಪನಿಯ ಟೇಪು ಬೇಡವೆಂದು ತನ್ನದೇ ಟೇಪು ತಂದಿದ್ದಳು. ಒಂದನೇ ವಾರದಲ್ಲಿ ಸೋಮವಾರ, ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ. ಎರಡನೇ ವಾರದಲ್ಲಿ ಸೋಮವಾರ, ಮಂಗಳವಾರ, ಬುಧವಾರ.

"ಐದು ಅಂದಿದ್ದಳಲ್ಲ ಇವಳು," ಅಂದ ಫ್ಲೆಮಿಂಗ್.

"ಸುಳ್ಳು ಹೇಳಿದ್ದೆ," ಅಂದಳು.

ಒಂಬತ್ತನೆಯದನ್ನು ಗುರುವಾರಕ್ಕೆ ಹಚ್ಚಿದಳು. ಮೂರು ಹೆಸರೂ ಅದರ ಮೇಲಿದ್ದವು. "ಮೊದಲು ಇವು," ಅಂದಳು. "ಉಳಿದವು ಆಮೇಲೆ."

ಟೋರ್ಕಿಲ್ ಮುಷ್ಟಿಯ ಚೀಟಿಗಳನ್ನು ಮೇಜಿನ ಮೇಲಿಟ್ಟ. ಫ್ಲೆಮಿಂಗ್ ಬಗ್ಗಿ ನೆಲದಿಂದ ಒಂದು ಹಳದಿ ಚೀಟಿ ಎತ್ತಿಕೊಂಡ. ಬೋಳು ಗೋಡೆಯ ಎಡದಿಂದ ಬಲಕ್ಕೆ ನೋಡಿದ. ಬಲದಿಂದ ಎಡಕ್ಕೆ ನೋಡಿದ. ಎಲ್ಲಿಯದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ. ಬಾಗಿಲಲ್ಲಿ ಲುಸ್ ಕೆಮ್ಮಿದಳು.

ಗೋಡೆ ಮಂಜಿನಂತೆ ತಣ್ಣಗಿತ್ತು. ಟೇಪು ಹಿಡಿಯುತ್ತಿರಲಿಲ್ಲ, ಒಂಬತ್ತನೆಯ ಚೀಟಿಯ ಮೂಲೆ ಏಳುತ್ತಿತ್ತು. ಯುರ್ಗಿತಾ ಅದರ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. ಕೈಯ ಬಿಸಿಗೆ ಅಂಟು ಹಿಡಿಯುತ್ತದೆಂದು ಅವಳಿಗೆ ಗೊತ್ತಿತ್ತು. ಅಷ್ಟು ದಿನ ಅವರ ಚೀಟಿಗಳನ್ನು ಹಿಡಿಸಿದ್ದು ಹಾಗೆಯೇ. ಹೊರಗೆ ಮೇಸ್ತ್ರಿಗಳ ಬೂಟಿನ ಸದ್ದು ಹತ್ತಿರ ಬಂತು. ಅವಳು ತಿರುಗಿ ನೋಡಲಿಲ್ಲ. ಹೆಬ್ಬೆರಳನ್ನೂ ತೆಗೆಯಲಿಲ್ಲ.